ಕಪ್ಪುಪಟ್ಟಿಯೋ, ಬೇಯ್ಸೋ? ಸ್ಪ್ಯಾಮ್ ತಡೆಗೆ ಎರಡನ್ನೂ ಎಲ್ಲಿ, ಎಷ್ಟು ಬೆರೆಸಬೇಕು

ಎರಡು ಮೇಲ್‌ಗಳನ್ನು ಎದುರಿಗಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಬರಹವೇ ಇಲ್ಲ. ಒಂದು ಚಿತ್ರ, ಅದರಡಿ ಒಂದು ಲಿಂಕ್, ಅಷ್ಟೆ. ಕಳಿಸಿದ್ದು ಯಾರದೋ ಮನೆಯ ಮೂಲೆಯಲ್ಲಿರುವ, ಮಾಲ್‌ವೇರ್ ಹೊಕ್ಕ ರೌಟರ್. ಪದಗಳನ್ನು ಎಣಿಸಿ ತೀರ್ಪು ಕೊಡುವ ಫಿಲ್ಟರಿಗೆ ಇಲ್ಲಿ ಎಣಿಸಲು ಏನೂ ಸಿಗುವುದಿಲ್ಲ. ಆದರೆ ಆ ರೌಟರಿನ ಐಪಿ ವಿಳಾಸ ಬೆಳಗ್ಗೆಯೇ ಯಾವುದೋ ಕಪ್ಪುಪಟ್ಟಿ ಸೇರಿರುವುದರಿಂದ ಒಂದು ಡಿಎನ್‌ಎಸ್ ಪ್ರಶ್ನೆಯಲ್ಲಿ (ಡಿಎನ್‌ಎಸ್ ಎಂದರೆ ಹೆಸರು ಕೇಳಿದರೆ ಐಪಿ ಹೇಳುವ ಅಂತರ್ಜಾಲದ ವಿಳಾಸಪುಸ್ತಕ) ಕೆಲಸ ಮುಗಿಯುತ್ತದೆ.

ಎರಡನೆಯದು ಪಾಸ್‌ವರ್ಡ್ ಕದ್ದುಹೋದ ಒಂದು ಜಿಮೇಲ್ ಖಾತೆಯಿಂದ ಬಂದದ್ದು. "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಂದೇ ಇಲ್ಲಿ ಒತ್ತಿ ಖಚಿತಪಡಿಸಿ." ಇದನ್ನು ನಿಮ್ಮ ಬಾಗಿಲಿಗೆ ತಂದದ್ದು ಗೂಗಲ್‌ನ ಸರ್ವರ್. ಆ ಐಪಿಯನ್ನು ಪಟ್ಟಿಗೆ ಹಾಕಿದರೆ ಊರಿನ ಅರ್ಧ ಪತ್ರವ್ಯವಹಾರ ನಿಲ್ಲುತ್ತದೆ. ತಲೆ ನೆಟ್ಟಗಿರುವ ಯಾವ ಪಟ್ಟಿಯೂ ಅದಕ್ಕೆ ಕೈಹಾಕುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಪದಗಳೇ.

ಕಪ್ಪುಪಟ್ಟಿ ನೋಡುವುದು ಕಳಿಸಿದವರು ಯಾರು ಎಂದು. ಬೇಯ್ಸ್, ಅಂದರೆ ಹಿಂದೆ ಕಂಡ ಸ್ಪ್ಯಾಮ್ ಮತ್ತು ಒಳ್ಳೆಯ ಮೇಲ್‌ಗಳ ಪದಗಳಿಂದ ಕಲಿತು ಸಂಭವನೀಯತೆ ಲೆಕ್ಕ ಹಾಕುವ ಫಿಲ್ಟರ್, ನೋಡುವುದು ಬರೆದಿರುವುದು ಏನು ಎಂದು. ಎರಡೂ ಬೇಕು ಎನ್ನುವುದರಲ್ಲಿ ಜಗಳವಿಲ್ಲ. ಹೇಗೆ ಬೆರೆಸಬೇಕು ಎನ್ನುವಲ್ಲಿ ಮಾತ್ರ ಹತ್ತು ಜನಕ್ಕೆ ಹನ್ನೊಂದು ಅಭಿಪ್ರಾಯ. ಪೋಸ್ಟ್‌ಫಿಕ್ಸ್ ಅಥವಾ ಎಕ್ಸಿಮ್‌ನಂಥ ಮೇಲ್ ಸರ್ವರ್ ಪ್ರೋಗ್ರಾಂ ಹಾಕಿಕೊಂಡು ಕಚೇರಿಯ, ಕಾಲೇಜಿನ, ಸಂಘದ ಮೇಲ್ ಸರ್ವರನ್ನು ತಾವೇ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್ ಬಳಿಯಿದ್ದರೆ ಈ ತಲೆನೋವು ಅವರದು.

ಪಟ್ಟಿಗೆ ಗೊತ್ತಿರುವುದು

ಡಿಎನ್‌ಎಸ್ ಕಪ್ಪುಪಟ್ಟಿಯ ಉಪಾಯ ಪಾಲ್ ವಿಕ್ಸಿಯವರ ಕಾಲದ್ದು. 1997ರಲ್ಲಿ ಅವರು ಶುರುಮಾಡಿದ ಪಟ್ಟಿಯ ಸಂಸ್ಥೆಗೆ ಇಟ್ಟ ಹೆಸರು ಮ್ಯಾಪ್ಸ್. ಇಂಗ್ಲಿಷಿನ ಸ್ಪ್ಯಾಮ್ ಪದವನ್ನು ತಿರುಗಿಸಿ ಓದಿದರೆ ಅದೇ. ಉಪಾಯ ಸರಳ. 192.0.2.45 ಎಂಬ ವಿಳಾಸದಿಂದ ಯಾರೋ ಮೇಲ್ ತಂದರೆ, ಅಂಕಿಗಳನ್ನು ಹಿಂದುಮುಂದು ಮಾಡಿ 45.2.0.192 ಎಂದು ಬರೆದು, ಅದರ ಬಾಲಕ್ಕೆ ಪಟ್ಟಿಯ ಹೆಸರು ಸೇರಿಸಿ ಡಿಎನ್‌ಎಸ್‌ಗೆ ಕೇಳುವುದು. ಉತ್ತರ ಬಂದರೆ ಪಟ್ಟಿಯಲ್ಲಿದೆ, ಬರದಿದ್ದರೆ ಇಲ್ಲ. ಉತ್ತರ ಡಿಎನ್‌ಎಸ್‌ನ ನೆನಪಿನಲ್ಲಿ ಸ್ವಲ್ಪ ಹೊತ್ತು ಉಳಿಯುವುದರಿಂದ ಅದೇ ಪ್ರಶ್ನೆಯನ್ನು ಸಾವಿರ ಸಲ ಕೇಳಿದರೂ ಹೊರೆಯಿಲ್ಲ.

ಇವತ್ತು ಹೆಚ್ಚಿನವರು ಮೊದಲು ನೋಡುವುದು ಸ್ಪ್ಯಾಮ್‌ಹಾಸ್‌ನ ಝೆನ್ ಪಟ್ಟಿ. ಸ್ಟೀವ್ ಲಿನ್‌ಫೋರ್ಡ್ 1998ರಲ್ಲಿ ಕಟ್ಟಿದ ಸಂಸ್ಥೆಯದು. ಝೆನ್ ನಿಜಕ್ಕೂ ಒಂದು ಪಟ್ಟಿಯಲ್ಲ, ಹಲವು ಪಟ್ಟಿಗಳ ಗಂಟು. ಬರುವ ಉತ್ತರದ ಕೊನೆಯ ಅಂಕಿ ನೋಡಿದರೆ ಯಾವ ಪಟ್ಟಿಯದೆಂದು ತಿಳಿಯುತ್ತದೆ. 127.0.0.2 ಬಂದರೆ ಎಸ್‌ಬಿಎಲ್, ಗೊತ್ತಿರುವ ಸ್ಪ್ಯಾಮ್ ಮೂಲ. 127.0.0.3 ಸಿಎಸ್‌ಎಸ್, ಯಂತ್ರವೇ ಗುರುತಿಸಿ ಸೇರಿಸಿದ ಸ್ಪ್ಯಾಮ್ ಮೂಲ. 4ರಿಂದ 7ರವರೆಗಿನವು ಎಕ್ಸ್‌ಬಿಎಲ್, ಅಂದರೆ ಮಾಲ್‌ವೇರ್ ಹೊಕ್ಕ ಯಂತ್ರಗಳು. 10 ಮತ್ತು 11 ಪಿಬಿಎಲ್.

ಈ ಪಿಬಿಎಲ್ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಇದರಲ್ಲಿರುವವರು ಅಪರಾಧಿಗಳಲ್ಲ. ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ಡೇಟಾದಂಥ ಸಂಪರ್ಕಗಳು ಬೇರೆಯವರ ಮೇಲ್ ಸರ್ವರಿಗೆ ನೇರವಾಗಿ ಮೇಲ್ ತಂದುಕೊಡುವ ಅಗತ್ಯವಿಲ್ಲ ಎನ್ನುವ ನೀತಿಯ ಪಟ್ಟಿ ಅದು. ಹಾಗಾಗಿ ನಿಮ್ಮ ಬಾಗಿಲು ತಟ್ಟಿದ ಐಪಿಗೆ ಮಾತ್ರ ಅದು ಅನ್ವಯಿಸುತ್ತದೆ. ಮೇಲ್‌ನ ಹೆಡರ್ ಕೆದಕಿ, ಮೂರು ಹೆಜ್ಜೆ ಹಿಂದೆ ಕಳಿಸಿದಾತನ ಮನೆಯ ಐಪಿ ಹುಡುಕಿ, ಅದಕ್ಕೆ ಪಿಬಿಎಲ್ ಕೇಳಿದರೆ ಅರ್ಧ ಬೆಂಗಳೂರು ಸ್ಪ್ಯಾಮರ್ ಆಗಿ ಕಾಣುತ್ತದೆ.

ಪಟ್ಟಿಯ ದೊಡ್ಡ ಲಾಭ ಅಗ್ಗ. ಮೇಲ್‌ನ ಒಡಲು ಬರುವ ಮೊದಲೇ, ಎಸ್‌ಎಂಟಿಪಿ ಮಾತುಕತೆಯಲ್ಲೇ (ಮೇಲ್ ಒಪ್ಪಿಸಲು ಎರಡು ಸರ್ವರ್‌ಗಳು ಆಡುವ ಮಾತು) 'ಆಗದು' ಎನ್ನಬಹುದು. ಅದರಲ್ಲಿ ಇನ್ನೊಂದು ಸಭ್ಯತೆಯೂ ಇದೆ. ನಿಜವಾದ ಮನುಷ್ಯನ ಮೇಲ್ ತಪ್ಪಿ ತಿರಸ್ಕಾರವಾದರೆ ಅವನದೇ ಸರ್ವರ್ ಅವನಿಗೆ ಕಾರಣ ತಿಳಿಸುತ್ತದೆ, ಅವನು ಫೋನ್ ಮಾಡುತ್ತಾನೆ. ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ಮೇಲ್‌ಗೆ ಆ ಭಾಗ್ಯವಿಲ್ಲ. ಕಳಿಸಿದವನು ತಲುಪಿತು ಎಂದುಕೊಂಡಿರುತ್ತಾನೆ, ಪಡೆದವನು ಬಂದೇ ಇಲ್ಲ ಎನ್ನುತ್ತಾನೆ.

ನಷ್ಟವೇನೆಂದರೆ, ಪಟ್ಟಿ ನಿಮ್ಮದಲ್ಲ. ಇನ್ನೊಬ್ಬರು ಎಲ್ಲೋ ಕೂತು ಬರೆಯುತ್ತಾರೆ, ಒಂದು ದಿನ ಅಂಗಡಿ ಮುಚ್ಚುತ್ತಾರೆ. ಒಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರಿನಲ್ಲಿ ನಿಂತುಹೋಯಿತು. ಆದರೂ ಎಷ್ಟೋ ಸರ್ವರ್‌ಗಳು ಅದನ್ನೇ ಕೇಳುತ್ತಲೇ ಇದ್ದವು. 2008ರ ಮಾರ್ಚಿನಲ್ಲಿ ಅದು ಎಲ್ಲ ಪ್ರಶ್ನೆಗೂ 'ಹೌದು, ಪಟ್ಟಿಯಲ್ಲಿದೆ' ಎಂದು ಉತ್ತರಿಸತೊಡಗಿತು. ಸಂರಚನೆ ಮರೆತವರಿಗೆಲ್ಲ ಬರುವ ಮೇಲ್ ಪೂರ್ತಿ ನಿಂತಿತು. 2021ರ ಜನವರಿ 31ರಂದು ಸ್ಪ್ಯಾಮ್‌ಕಾಪ್ ಎಂಬ ಪಟ್ಟಿಯ ಡೊಮೇನ್ ನವೀಕರಣ ತಪ್ಪಿದಾಗಲೂ ಸ್ವಲ್ಪ ಹೊತ್ತು ಇದೇ ಕಥೆ: ಡೊಮೇನ್ ಜಾಹೀರಾತು ಪುಟದ ಐಪಿಗೆ ತಿರುಗಿತು, ಯಾವ ಹೆಸರು ಕೇಳಿದರೂ ಉತ್ತರ ಸಿಕ್ಕಿತು, ಉತ್ತರ ಸಿಕ್ಕಿತೆಂದರೆ ಪಟ್ಟಿಯಲ್ಲಿದೆ ಎಂದು ಸರ್ವರ್‌ಗಳು ನಂಬಿದವು. ಸಾರ್ಬ್ಸ್ ಎಂಬ ಇನ್ನೊಂದು ಪಟ್ಟಿ 2024ರ ಜೂನ್‌ನಲ್ಲಿ ಬಾಗಿಲು ಹಾಕಿತು.

ಬೇಯ್ಸ್‌ಗೆ ಗೊತ್ತಿರುವುದು

ಥಾಮಸ್ ಬೇಯ್ಸ್ ತೀರಿಕೊಂಡದ್ದು 1761ರಲ್ಲಿ, ಅವರ ಸಂಭವನೀಯತೆಯ ಬರಹ ಅಚ್ಚಾದದ್ದು 1763ರಲ್ಲಿ. ಅದನ್ನು ಮೇಲ್ ಜರಡಿ ಹಿಡಿಯಲು ಬಳಸುವ ಸಂಶೋಧನಾ ಪ್ರಬಂಧಗಳು 1998ರಲ್ಲೇ ಬಂದಿದ್ದವು. ಜನರ ಬಾಯಿಗೆ ಬಿದ್ದದ್ದು ಮಾತ್ರ 2002ರ ಆಗಸ್ಟಿನಲ್ಲಿ ಪಾಲ್ ಗ್ರಹಾಂ ಬರೆದ ಒಂದು ಲೇಖನದಿಂದ. ತಮ್ಮ ಮೇಲ್‌ನಲ್ಲಿ 1,000 ಸ್ಪ್ಯಾಮ್‌ಗೆ 5ಕ್ಕಿಂತ ಕಡಿಮೆ ತಪ್ಪಿಸಿಕೊಳ್ಳುತ್ತವೆ, ಒಳ್ಳೆಯ ಮೇಲ್ ಒಂದೂ ಸಿಕ್ಕಿಬೀಳುವುದಿಲ್ಲ ಎಂದು ಅವರು ಬರೆದರು. ಅದರ ಬೆನ್ನಿಗೇ ಬೋಗೋಫಿಲ್ಟರ್, ಸ್ಪ್ಯಾಮ್‌ಬೇಯ್ಸ್‌ನಂಥ ಫಿಲ್ಟರ್‌ಗಳೆಲ್ಲ ಹುಟ್ಟಿದವು. ಗ್ಯಾರಿ ರಾಬಿನ್ಸನ್ ಲೆಕ್ಕದ ಕ್ರಮವನ್ನು ತಿದ್ದಿದ ಮೇಲೆ 'ಖಂಡಿತ ಸ್ಪ್ಯಾಮ್', 'ಖಂಡಿತ ಅಲ್ಲ' ಎರಡರ ನಡುವೆ 'ಗೊತ್ತಾಗುತ್ತಿಲ್ಲ' ಎನ್ನುವ ಪ್ರಾಮಾಣಿಕ ಉತ್ತರವೂ ಸಾಧ್ಯವಾಯಿತು.

ಗ್ರಹಾಂ ಪಡೆದ ಅಂಕಿ ಅವರ ಮೇಲ್‌ನದು, ನಿಮ್ಮ ಕಚೇರಿಯದಲ್ಲ. ಬೇಯ್ಸ್‌ನ ಶಕ್ತಿಯೂ ಅದೇ, ಮಿತಿಯೂ ಅದೇ. ಔಷಧದ ಸಗಟು ವ್ಯಾಪಾರಿಯ ಮೇಲ್‌ನಲ್ಲಿ ಮಾತ್ರೆಗಳ ಹೆಸರು ದಿನವೂ ಬರುತ್ತದೆ, ಶಾಲೆಯ ಮುಖ್ಯೋಪಾಧ್ಯಾಯರ ಮೇಲ್‌ನಲ್ಲಿ ಬಂದರೆ ಅನುಮಾನಿಸಬೇಕು. ಲೆಕ್ಕಪರಿಶೋಧಕರ ಕಚೇರಿಗೆ 'ರೀಫಂಡ್', 'ತುರ್ತು', 'ಜಿಎಸ್‌ಟಿ', 'ಕೊನೆಯ ದಿನಾಂಕ' ಇವೇ ಅನ್ನ. ಜಗತ್ತಿನ ಯಾವ ಕಪ್ಪುಪಟ್ಟಿಗೂ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕನ್ನಡದ ಮೇಲ್‌ಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ನಮಸ್ಕಾರ' ಎಂಬ ಪುಟ್ಟ ಪದದಲ್ಲೇ 7 ಸಂಕೇತ, ಅಂದರೆ 21 ಬೈಟ್. ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಹಳೆಯ ಫಿಲ್ಟರ್‌ಗಳಿಗೆ ಇದು ವಿಪರೀತ ಉದ್ದದ ಪದ. ಅವು ಅದನ್ನು ತುಂಡರಿಸುತ್ತವೆ, ತುಂಡುಗಳಿಗೆ ಅರ್ಥವಿರುವುದಿಲ್ಲ. ಹಲವು ಪರೀಕ್ಷೆಗಳ ಜತೆ ಬೇಯ್ಸ್ ಕೂಡ ಇರುವ ಸ್ಪ್ಯಾಮ್‌ಅಸ್ಸಾಸಿನ್ ಎಂಬ ಫಿಲ್ಟರ್ ಬಳಸುವವರಾದರೆ 2022ರ ಡಿಸೆಂಬರಿನಲ್ಲಿ ಬಂದ 4.0 ಅಥವಾ ಅದರ ಮುಂದಿನದನ್ನೇ ಹಾಕಿಕೊಳ್ಳಿ. ಯುನಿಕೋಡ್ ವಿಷಯದಲ್ಲಿ ಅದು ಹಳೆಯದಕ್ಕಿಂತ ಎಷ್ಟೋ ವಾಸಿ.

ಬೇಯ್ಸ್‌ನ ನಷ್ಟ ಮೂರು. ಮೇಲ್ ಪೂರ್ತಿ ಇಳಿಸಿಕೊಂಡ ಮೇಲೆಯೇ ಅದರ ಕೆಲಸ. ಕಲಿಸದೆ ಅದು ಕಲಿಯುವುದಿಲ್ಲ: ಸ್ಪ್ಯಾಮ್‌ಅಸ್ಸಾಸಿನ್‌ನಲ್ಲಿ 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ತೋರಿಸುವವರೆಗೆ ಅದು ಬಾಯೇ ಬಿಡುವುದಿಲ್ಲ. ಮತ್ತೆ, ಮೇಲಿನ ಚಿತ್ರದ ಮೇಲ್‌ನಂತೆ, ಪದವಿಲ್ಲದ ಕಡೆ ಅದು ಕುರುಡು. 2006ರ ಸುಮಾರಿಗೆ ಷೇರು ಮಾರುವ ಸ್ಪ್ಯಾಮರ್‌ಗಳು ಬರಹವನ್ನೆಲ್ಲ ಚಿತ್ರದೊಳಗೆ ತುರುಕಿದ್ದು ಇದಕ್ಕಾಗಿಯೇ.

ಬೆರೆಸುವ ನಾಲ್ಕು ದಾರಿ

ಮೊದಲನೆಯದು ಎಲ್ಲರಿಗೂ ಮೊದಲು ಹೊಳೆಯುವುದು: ಗೇಟಿನಲ್ಲಿ ಪಟ್ಟಿ, ಒಳಗೆ ಬೇಯ್ಸ್. ಪಟ್ಟಿಯಲ್ಲಿದ್ದರೆ ಹೊರಗೇ ನಿಲ್ಲಿಸು, ಉಳಿದದ್ದನ್ನು ಓದಿ ನೋಡು. ಸಣ್ಣ ಸರ್ವರಿಗೆ ಇದರಷ್ಟು ಹಗುರವಾದದ್ದು ಬೇರಿಲ್ಲ. ಒಂದು ಜಿಬಿ ಮೆಮೊರಿಯ ಬಾಡಿಗೆ ಯಂತ್ರದಲ್ಲಿ ಪ್ರತಿ ಕಸವನ್ನೂ ಪರ್ಲ್ ಪ್ರೋಗ್ರಾಂಗೆ ಓದಿಸುತ್ತ ಕೂತರೆ ಯಂತ್ರ ಏದುಸಿರು ಬಿಡುತ್ತದೆ.

ಆದರೆ ಗೇಟಿನವನ ಮಾತಿಗೆ ಮೇಲ್ಮನವಿ ಇಲ್ಲ. ಪಟ್ಟಿ ತಪ್ಪಿದರೆ ಬೇಯ್ಸ್‌ಗೆ 'ಅಯ್ಯೋ, ಇವರು ನಮ್ಮವರೇ' ಎನ್ನುವ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಗೇಟಿನಲ್ಲಿ ಕೂರಿಸುವ ಪಟ್ಟಿ ತೀರಾ ಜಿಪುಣ ಸ್ವಭಾವದ್ದಾಗಿರಬೇಕು. ಯಾರನ್ನೂ ಸುಮ್ಮನೆ ಸೇರಿಸಬಾರದು, ತಪ್ಪಾದರೆ ಬೇಗ ತೆಗೆಯಬೇಕು. ಒಬ್ಬ ಗಿರಾಕಿಯ ತಪ್ಪಿಗೆ ಇಡೀ ಹೋಸ್ಟಿಂಗ್ ಕಂಪನಿಯ ನೆಟ್‌ವರ್ಕನ್ನೇ ಪಟ್ಟಿಗೆ ಹಾಕುವಂಥವೂ ಇವೆ. ಯುಸಿಇಪ್ರೊಟೆಕ್ಟ್ ಎಂಬ ಪಟ್ಟಿಯ ಮೂರನೇ ಹಂತ ಆ ಬಗೆಯದು. ಅದನ್ನು ಅಂಕಿ ನೋಡುವ ಕುತೂಹಲಕ್ಕೆ ಇಟ್ಟುಕೊಳ್ಳಿ, ಗೇಟಿನಲ್ಲಿ ಬೇಡ.

ಈ ದಾರಿಯಲ್ಲಿ ಇನ್ನೊಂದು ತೊಂದರೆ ಇದೆ. ಗೇಟಿನಲ್ಲಿ ಬಹುಪಾಲು ಕಸ ನಿಂತುಬಿಟ್ಟರೆ ಬೇಯ್ಸ್ ಕಲಿಯುವುದು ಗೇಟು ದಾಟಿ ಬಂದ ಜಾಣ ಸ್ಪ್ಯಾಮನ್ನು ಮಾತ್ರ. ದಿನನಿತ್ಯಕ್ಕೆ ಅದು ಒಳ್ಳೆಯದೇ. ಆದರೆ ಒಂದು ದಿನ ಡಿಎನ್‌ಎಸ್ ಕೈಕೊಟ್ಟು ಪಟ್ಟಿ ಉತ್ತರಿಸದೇ ಹೋದರೆ, ಮಾಮೂಲಿ ಕಸ ಒಮ್ಮೆಲೇ ಒಳನುಗ್ಗುತ್ತದೆ, ಬೇಯ್ಸ್ ಅದನ್ನು ಹಿಂದೆಂದೂ ಕಂಡೇ ಇಲ್ಲ! ಪರಿಹಾರ ಕಷ್ಟವಲ್ಲ. ಯಾರೂ ಬಳಸದ ಒಂದೆರಡು ಹಳೆಯ ವಿಳಾಸಗಳಿಗೆ ಬರುವ ಮೇಲನ್ನು ಪಟ್ಟಿಯಿಂದ ವಿನಾಯಿತಿ ಕೊಟ್ಟು ಒಳಗೆ ಬಿಡಿ, ಅಲ್ಲಿ ಬಂದದ್ದನ್ನು ಕಣ್ಣಾರೆ ನೋಡಿ ಸ್ಪ್ಯಾಮ್ ಎಂದು ಕಲಿಸಿ.

ಎರಡನೆಯ ದಾರಿ ಅಂಕ ಕೂಡಿಸುವುದು. ಪಟ್ಟಿಯಲ್ಲಿದ್ದರೆ ಇಷ್ಟು ಅಂಕ, ಬೇಯ್ಸ್ ಅನುಮಾನಿಸಿದರೆ ಇಷ್ಟು, ಒಟ್ಟು ಗೆರೆ ದಾಟಿದರೆ ಸ್ಪ್ಯಾಮ್. ಸ್ಪ್ಯಾಮ್‌ಅಸ್ಸಾಸಿನ್‌ನ ಗೆರೆ 5.0. ಆರ್‌ಸ್ಪ್ಯಾಮ್‌ಡಿ ಎಂಬ ಇನ್ನೊಂದು ಫಿಲ್ಟರಿನಲ್ಲಿ ಮೂರು ಗೆರೆ: 4ಕ್ಕೆ ಸ್ವಲ್ಪ ಹೊತ್ತು ಕಾಯಿಸು, 6ಕ್ಕೆ ಗುರುತು ಹಾಕು, 15ಕ್ಕೆ ತಿರಸ್ಕರಿಸು.

ಈ ದಾರಿಯ ಹಿಂದಿರುವ ಯೋಚನೆ ನೋಡಬೇಕಿದ್ದರೆ ಸ್ಪ್ಯಾಮ್‌ಅಸ್ಸಾಸಿನ್‌ನ ಅಂಕಗಳ ಕಡತ ತೆರೆಯಿರಿ. ಪ್ರತಿ ನಿಯಮಕ್ಕೂ ನಾಲ್ಕು ಅಂಕ ಬರೆದಿರಬಹುದು. ಮೊದಲನೆಯದು ಬೇಯ್ಸ್ ಮತ್ತು ನೆಟ್‌ವರ್ಕ್ ಪರೀಕ್ಷೆ (ಪಟ್ಟಿ ಕೇಳುವುದು ಇದರಲ್ಲೇ ಸೇರುತ್ತದೆ) ಎರಡೂ ಇಲ್ಲದಾಗ, ಎರಡನೆಯದು ನೆಟ್‌ವರ್ಕ್ ಮಾತ್ರ ಇದ್ದಾಗ, ಮೂರನೆಯದು ಬೇಯ್ಸ್ ಮಾತ್ರ ಇದ್ದಾಗ, ನಾಲ್ಕನೆಯದು ಎರಡೂ ಇದ್ದಾಗ. ಬೇಯ್ಸ್ 'ಶೇ 99ರಷ್ಟು ಖಾತ್ರಿ' ಎಂದರೆ ಪಟ್ಟಿಗಳಿಲ್ಲದಾಗ 3.8, ಇದ್ದಾಗ 3.5. 'ಐವತ್ತು-ಐವತ್ತು, ಹೇಳಲಾರೆ' ಎಂದರೆ ಪಟ್ಟಿಗಳಿಲ್ಲದಾಗ 2.0, ಇದ್ದಾಗ ಬರೀ 0.8. ಪಕ್ಕದಲ್ಲಿ ಇನ್ನೊಬ್ಬ ಸಾಕ್ಷಿ ಇದ್ದಾನೆಂದರೆ ಇವನ ತೊದಲಿಗೆ ಬೆಲೆ ಕಡಿಮೆ. ಬೇಯ್ಸ್ ಎಷ್ಟೇ ಖಾತ್ರಿಯಿಂದ ಕೂಗಿದರೂ ಅದೊಂದರಿಂದಲೇ 5 ಮುಟ್ಟಲಾಗದು ಎನ್ನುವುದನ್ನೂ ಗಮನಿಸಿ. ಒಬ್ಬನ ಮಾತಿಗೆ ಶಿಕ್ಷೆಯಿಲ್ಲ. ಇದನ್ನು ತಿಳಿಯದೆ ಕೆಲವರು ಬೇಯ್ಸ್‌ನ ಅಂಕವನ್ನು 5.5ಕ್ಕೆ ಏರಿಸಿ, ಆಮೇಲೆ ಒಳ್ಳೆಯ ಮೇಲ್ ಕಳೆದುಹೋಗುತ್ತಿದೆ ಎಂದು ಗೋಳಾಡುತ್ತಾರೆ.

ಅಂಕ ಎಷ್ಟಿರಬೇಕು ಎನ್ನುವುದಕ್ಕೆ ಒಂದು ಕೈಲೆಕ್ಕ ಹೇಳುತ್ತೇನೆ. ಅಂಕಿಗಳು ಬರೀ ಉದಾಹರಣೆಗೆ, ನಿಮ್ಮವನ್ನು ನಿಮ್ಮ ಲಾಗ್‌ನಿಂದ ತೆಗೆಯಿರಿ. 'ಅ' ಪಟ್ಟಿ 100 ಸ್ಪ್ಯಾಮ್‌ಗೆ 60 ಹಿಡಿಯುತ್ತದೆ, 1,000 ಒಳ್ಳೆಯ ಮೇಲ್‌ಗೆ 2ನ್ನು ತಪ್ಪಾಗಿ ಹಿಡಿಯುತ್ತದೆ. 'ಆ' ಪಟ್ಟಿ 100ಕ್ಕೆ 80 ಹಿಡಿಯುತ್ತದೆ, ಆದರೆ 1,000 ಒಳ್ಳೆಯದಕ್ಕೆ 40 ತಪ್ಪು. ಮೇಲುನೋಟಕ್ಕೆ 'ಆ' ಚುರುಕು. ಸಾಕ್ಷಿಯ ತೂಕ ಹಾಕಿ ನೋಡಿ: 'ಅ' ಪಟ್ಟಿಯಲ್ಲಿ ಸಿಕ್ಕರೆ 0.6ನ್ನು 0.002ರಿಂದ ಭಾಗಿಸಿದಾಗ 300 ಪಟ್ಟು ಅನುಮಾನ. 'ಆ' ಪಟ್ಟಿಯಲ್ಲಿ ಸಿಕ್ಕರೆ 0.8ನ್ನು 0.04ರಿಂದ ಭಾಗಿಸಿ ಬರೀ 20 ಪಟ್ಟು. ಈಗ ಬೇಯ್ಸ್ ಒಂದು ಮೇಲನ್ನು ಓದಿ 'ಇದು ಸ್ಪ್ಯಾಮ್ ಆಗಿರುವುದಕ್ಕಿಂತ ಒಳ್ಳೆಯದಾಗಿರುವ ಸಾಧ್ಯತೆ 50 ಪಟ್ಟು' ಎಂದಿದೆ ಎನ್ನೋಣ. 'ಅ' ಹಿಡಿದಿದ್ದರೆ 300ಕ್ಕೆ 50, ಸ್ಪ್ಯಾಮ್ ಪಕ್ಷವೇ ಗೆಲ್ಲುತ್ತದೆ. 'ಆ' ಹಿಡಿದಿದ್ದರೆ 20ಕ್ಕೆ 50, ಮೇಲ್ ಉಳಿಯುತ್ತದೆ. ಹೆಚ್ಚು ಹಿಡಿಯುವ ಪಟ್ಟಿಗೆ ಹೆಚ್ಚು ಅಂಕ ಕೊಡುವವರು ಇಲ್ಲೇ ಎಡವುವುದು. ಅಂಕ ಕೊಡಬೇಕಾದದ್ದು ಎಷ್ಟು ಕಡಿಮೆ ತಪ್ಪು ಮಾಡುತ್ತದೆ ಎಂದು ನೋಡಿ.

ಇದೇ ಲೆಕ್ಕದಲ್ಲಿ ಇನ್ನೊಂದು ಮೋಸ ಅಡಗಿದೆ. ಗುಣಿಸುವುದು ಸರಿಯಾಗುವುದು ಸಾಕ್ಷಿಗಳು ಒಬ್ಬರನ್ನೊಬ್ಬರು ಕೇಳಿ ಹೇಳದಿದ್ದಾಗ. ಮುಂಚೆ ಸಿಬಿಎಲ್ ಎನ್ನುವ ಪಟ್ಟಿಯ ಮಾಹಿತಿ ಎಕ್ಸ್‌ಬಿಎಲ್ ಒಳಗೇ ಇರುತ್ತಿತ್ತು. ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದುಕೊಂಡ ಸಂರಚನೆಗಳಲ್ಲಿ ಒಂದೇ ಸುದ್ದಿಗೆ ಎರಡು ಸಲ ಅಂಕ ಬೀಳುತ್ತಿತ್ತು. ಹತ್ತು ಪಟ್ಟಿ ಸೇರಿಸಿದರೆ ಹತ್ತು ಸಾಕ್ಷಿ ಸಿಗುತ್ತಾರೆ ಎಂದುಕೊಳ್ಳಬೇಡಿ. ಎರಡು ಮೂರು ಬೇರೆಬೇರೆ ಮೂಲದವು ಸಾಕು. ಐಪಿ ನೋಡುವ ಒಂದು, ಮೇಲ್ ಒಳಗಿನ ಲಿಂಕ್‌ಗಳ ಡೊಮೇನ್ ನೋಡುವ ಒಂದು, ಇದು ಒಳ್ಳೆಯ ಜೋಡಿ. ಎರಡನೆಯದಕ್ಕೆ 2004ರಿಂದ ಇರುವ ಎಸ್‌ಯುಆರ್‌ಬಿಎಲ್ ಅಥವಾ ಸ್ಪ್ಯಾಮ್‌ಹಾಸ್‌ನ ಡಿಬಿಎಲ್. ಆರಂಭದಲ್ಲಿ ಹೇಳಿದ ಜಿಮೇಲ್ ಖಾತೆಯ ಮೇಲನ್ನು ಹಿಡಿಯುವಲ್ಲಿ ಬೇಯ್ಸ್‌ಗೆ ನಿಜವಾದ ಜತೆಗಾರ ಈ ಡೊಮೇನ್ ಪಟ್ಟಿಯೇ.

ಮೂರನೆಯ ದಾರಿ ನನಗೆ ಇಷ್ಟವಾದದ್ದು, ಆದರೆ ಎಲ್ಲರಿಗೂ ಹೇಳಲಾರೆ. ಪಟ್ಟಿಯ ಉತ್ತರವನ್ನು ಅಂಕವಾಗಿಸದೆ, ಮೇಲ್‌ಗೆ ಒಂದು ಹೆಡರ್ ಸಾಲಾಗಿ ಅಂಟಿಸಿ ಬೇಯ್ಸ್‌ಗೆ ಓದಲು ಕೊಡುವುದು. ಆಗ 'ಇಂಥ ಪಟ್ಟಿಯಲ್ಲಿ ಇದೆ' ಎನ್ನುವುದೂ ಬೇಯ್ಸ್‌ಗೆ ಒಂದು ಪದ, 'ಲಾಟರಿ' ಎನ್ನುವ ಪದದ ಹಾಗೆ. ಅದರ ತೂಕ ಎಷ್ಟು ಎನ್ನುವುದನ್ನು ನೀವು ಊಹಿಸಬೇಕಿಲ್ಲ, ನಿಮ್ಮ ಮೇಲ್ ನೋಡಿ ಅದೇ ಕಲಿಯುತ್ತದೆ. ಮೇಲಿನ ಕೈಲೆಕ್ಕವನ್ನು ಯಂತ್ರವೇ ದಿನವೂ ಮಾಡಿದಂತೆ. ಪಟ್ಟಿ ಕೆಟ್ಟರೆ ಅದರ ತೂಕ ತಾನಾಗಿ ಇಳಿಯುತ್ತದೆ. ಬೋಗೋಫಿಲ್ಟರ್‌ನಂಥ ಬರೀ ಸಂಖ್ಯಾಶಾಸ್ತ್ರದ ಫಿಲ್ಟರ್ ಬಳಸುವ ಒಬ್ಬಂಟಿ ಬಳಕೆದಾರನಿಗೆ ಇದು ಚೆನ್ನ. ಕಷ್ಟವೆಂದರೆ, ಮೇಲ್‌ನಲ್ಲಿ ನೂರಾರು ಪದಗಳಿರುವಾಗ ಈ ಒಂದು ಪದದ ದನಿ ಗದ್ದಲದಲ್ಲಿ ಮುಳುಗಬಹುದು. ತಪ್ಪಿದ್ದನ್ನು ತಪ್ಪದೇ ತಿದ್ದುವ ಶಿಸ್ತು ಇರುವವರಿಗೆ ಮಾತ್ರ ಇದು ಫಲ ಕೊಡುತ್ತದೆ. ಐವತ್ತು ಜನರ ಕಚೇರಿಯಲ್ಲಿ ಆ ಶಿಸ್ತು ಕಂಡವರಿಲ್ಲ.

ನಾಲ್ಕನೆಯದು ಪಟ್ಟಿಯಿಂದ ಬೇಯ್ಸ್‌ಗೆ ಪಾಠ ಹೇಳಿಸುವುದು. ಪಟ್ಟಿಯಲ್ಲಿದ್ದ ಪ್ರತಿ ಮೇಲನ್ನೂ ಸ್ಪ್ಯಾಮ್ ಎಂದು ಕಲಿಸು, ಉಳಿದದ್ದೆಲ್ಲ ಒಳ್ಳೆಯದೆಂದು ಕಲಿಸು, ಮನುಷ್ಯರ ಕೆಲಸವೇ ಬೇಡ. ಕೇಳಲು ಚಂದ. ನಾನು ಒಮ್ಮೆ ಮಾಡಿ ಕೈಸುಟ್ಟುಕೊಂಡಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಗೆ ದಿನವೂ ಬಿಲ್ ಕಳಿಸುವ ಸಾಗಣೆಯವರ ಸರ್ವರ್ ಎರಡು ವಾರ ಒಂದು ಪಟ್ಟಿಯಲ್ಲಿತ್ತು. ಆ ಎರಡು ವಾರ ಅವರ ಬಿಲ್‌ಗಳೆಲ್ಲ ಸ್ಪ್ಯಾಮ್ ಪಾಠವಾದವು. ಅವರು ಪಟ್ಟಿಯಿಂದ ಹೊರಬಂದರು, ನಿಜ. ಆದರೆ 'ಲಾರಿ ರಸೀದಿ', 'ಸರಕು', 'ಬಾಕಿ' ಎಲ್ಲ ಬೇಯ್ಸ್‌ನ ತಲೆಯಲ್ಲಿ ಕೆಟ್ಟ ಪದಗಳಾಗಿ ಉಳಿದವು, ಬೇರೆ ಸಾಗಣೆಯವರ ಮೇಲ್‌ಗಳೂ ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗಿದವು. ಪಟ್ಟಿ ತನ್ನ ತಪ್ಪನ್ನು ತಿದ್ದಿಕೊಂಡಿತು, ಗಿಳಿಪಾಠ ಕಲಿತದ್ದು ತಿದ್ದಿಕೊಳ್ಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೀಗೆ ಕಲಿತ ಬೇಯ್ಸ್ ಪಟ್ಟಿಯ ಮಾತನ್ನೇ ಬೇರೆ ದನಿಯಲ್ಲಿ ಹೇಳುತ್ತದೆ. ಎರಡನೆಯ ಸಾಕ್ಷಿ ಬೇಕೆಂದು ಕರೆದವನು ಮೊದಲನೆಯವನ ನೆರಳಾದ.

ಸ್ಪ್ಯಾಮ್‌ಅಸ್ಸಾಸಿನ್‌ನ ತಾನಾಗಿ ಕಲಿಯುವ ವ್ಯವಸ್ಥೆ ಇದಕ್ಕೆ ಕೆಲವು ಬೇಲಿ ಹಾಕಿದೆ. ಕಲಿಯಬೇಕೋ ಬೇಡವೋ ಎಂದು ನೋಡುವಾಗ ಬೇಯ್ಸ್‌ನ ಸ್ವಂತ ಅಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಟ್ಟು 12 ಅಂಕ ಮುಟ್ಟಿದರೆ ಮಾತ್ರ ಸ್ಪ್ಯಾಮ್ ಎಂದು ಕಲಿಯುತ್ತದೆ, ಅದರಲ್ಲೂ ಹೆಡರಿನಿಂದ ಕನಿಷ್ಠ 3, ಒಡಲಿನಿಂದ ಕನಿಷ್ಠ 3 ಬಂದಿರಬೇಕು. ಅಂದರೆ ಬರೀ ಐಪಿ ಪಟ್ಟಿಯ ಮಾತಿನಿಂದ ಪಾಠವಾಗದು. ಈ ಬೇಲಿಗಳನ್ನು ಸಡಿಲಿಸಬೇಡಿ. ಒಳ್ಳೆಯ ಮೇಲ್ ಕಲಿಯುವ ಗೆರೆ 0.1 ಮಾತ್ರ ನನಗೆ ಸ್ವಲ್ಪ ಉದಾರ ಎನಿಸುತ್ತದೆ. ಹೊಸ ಸ್ಪ್ಯಾಮ್ ಯಾವ ನಿಯಮಕ್ಕೂ ಸಿಗದೆ 0 ಪಡೆದು ಒಳ್ಳೆಯದೆಂದು ಪಾಠವಾಗಬಹುದು. ಅದನ್ನು ಸೊನ್ನೆಗಿಂತ ಕೆಳಗಿಳಿಸುವುದು ಕ್ಷೇಮ.

ಹಾಗಾದರೆ ಯಾವುದು

ನಿಮ್ಮೊಬ್ಬರದೇ ಡೊಮೇನ್, ದಿನಕ್ಕೆ ನೂರಿನ್ನೂರು ಮೇಲ್ ಎಂದಾದರೆ ಮೂರನೆಯದನ್ನು ಆಡಿ ನೋಡಿ. ಖುಷಿಯಿದೆ, ಕಲಿಯುವುದೂ ಇದೆ.

ಹತ್ತರಿಂದ ಇನ್ನೂರು ಜನರ ಕಚೇರಿ, ಕಾಲೇಜು ಇದ್ದರೆ ನನ್ನ ಆಯ್ಕೆ ಮೊದಲ ಎರಡರ ಕೂಡಿಕೆ. ಗೇಟಿನಲ್ಲಿ ಝೆನ್ ಒಂದೇ ಒಂದು, ಉಳಿದ ಪಟ್ಟಿಗಳೆಲ್ಲ ಒಳಗೆ ಬರೀ ಅಂಕಕ್ಕೆ, ಅವುಗಳ ಪಕ್ಕದಲ್ಲಿ ಬೇಯ್ಸ್. ಗೇಟಿನಲ್ಲಿಯೇ ಹಲವು ಪಟ್ಟಿಗಳನ್ನು ತೂಗಬೇಕೆಂದರೆ ಪೋಸ್ಟ್‌ಫಿಕ್ಸ್‌ನಲ್ಲಿ 2011ರ 2.8 ಆವೃತ್ತಿಯಿಂದ ಪೋಸ್ಟ್‌ಸ್ಕ್ರೀನ್ ಇದೆ. ಝೆನ್‌ಗೆ 3, ಇನ್ನೊಂದಕ್ಕೆ 2, ಮತ್ತೊಂದಕ್ಕೆ 1, ಗೆರೆ 3 ಎಂದು ಬರೆದರೆ ಝೆನ್ ಒಂದೇ ತಡೆಯಬಲ್ಲದು, ಉಳಿದವು ಜತೆಗೂಡಿದರೆ ಮಾತ್ರ. ಬಿಳಿಪಟ್ಟಿಗೆ ಋಣ ಅಂಕವನ್ನೂ ಕೊಡಬಹುದು. ಪೋಸ್ಟ್‌ಫಿಕ್ಸ್ ಬರೆದ ವಿತ್ಸೆ ವೆನೆಮಾ ಈ ಒಂದು ಕೆಲಸಕ್ಕೇ ನಮಸ್ಕಾರಕ್ಕೆ ಅರ್ಹರು.

ಇದರ ಜತೆಗೆ ಅಪರಿಚಿತರನ್ನು ಐದು ನಿಮಿಷ ಕಾಯಿಸುವ ಗ್ರೇಲಿಸ್ಟಿಂಗ್ ಸೇರಿಸಿದರೆ ಇನ್ನೊಂದು ಲಾಭ ಸಿಗುತ್ತದೆ. ಮೊದಲ ಸಲ ಬಂದಾಗ ಪಟ್ಟಿಯಲ್ಲಿ ಇರದ ಐಪಿ, ಮರಳಿ ಬರುವಷ್ಟರಲ್ಲಿ ಸೇರಿರುತ್ತದೆ. ಒಟಿಪಿ ತಡವಾಗುತ್ತದೆ ಎಂಬ ಬೈಗುಳಕ್ಕೆ ಮಾತ್ರ ಕಿವಿ ಗಟ್ಟಿ ಮಾಡಿಕೊಳ್ಳಿ. ಆರ್‌ಸ್ಪ್ಯಾಮ್‌ಡಿ ಎಲ್ಲರನ್ನೂ ಕಾಯಿಸದೆ ಅನುಮಾನದ ಮೇಲ್‌ಗಳನ್ನು ಮಾತ್ರ ಕಾಯಿಸುವುದು ಈ ಕಾರಣಕ್ಕೆ ಹೆಚ್ಚು ಸಹನೀಯ.

ವಕೀಲರು, ಆಸ್ಪತ್ರೆ, ಟೆಂಡರ್ ಕರೆಯುವ ಕಚೇರಿ ಇಂಥ ಕಡೆ ಒಂದು ಮೇಲ್ ಕಳೆದರೂ ದೊಡ್ಡ ಅನಾಹುತ. ಅಲ್ಲಿ ಗೇಟಿನಲ್ಲಿ ತಿರಸ್ಕರಿಸುವುದು ಎಸ್‌ಬಿಎಲ್ ಮತ್ತು ಎಕ್ಸ್‌ಬಿಎಲ್‌ಗೆ ಮಾತ್ರ ಸೀಮಿತವಾಗಿರಲಿ, ಮಿಕ್ಕದ್ದು ಅಂಕ. ಏನೇ ಆದರೂ, ಒಮ್ಮೆ ಒಪ್ಪಿಕೊಂಡ ಮೇಲನ್ನು ಆಮೇಲೆ ಬೌನ್ಸ್ ಮಾಡಬೇಡಿ, ಅಂದರೆ ಕಳಿಸಿದವರ ವಿಳಾಸಕ್ಕೆ ಹಿಂದಿರುಗಿಸಬೇಡಿ. ಸ್ಪ್ಯಾಮರ್ ಬರೆದ ಕಳುಹಿಸಿದವರ ವಿಳಾಸ ಸುಳ್ಳಿರುತ್ತದೆ, ನಿಮ್ಮ ಬೌನ್ಸ್ ಯಾರೋ ಅಮಾಯಕರ ತಲೆಗೆ ಬಡಿಯುತ್ತದೆ, ಹಾಗೆ ಮಾಡುತ್ತಿದ್ದರೆ ನಿಮ್ಮ ಐಪಿಯೇ ಪಟ್ಟಿ ಸೇರುತ್ತದೆ.

ಕೈಸುಡುವ ಮೂರು ಕಡೆ

ಒಂದು, ನಿಮ್ಮದೇ ಸಿಬ್ಬಂದಿ. ಮನೆಯಿಂದ, ಮೊಬೈಲಿನಿಂದ ಲಾಗಿನ್ ಆಗಿ ಮೇಲ್ ಕಳಿಸುವವರ ಐಪಿ ಪಿಬಿಎಲ್‌ನಲ್ಲಿ ಇರುವುದೇ ಸಹಜ. ಪಾಸ್‌ವರ್ಡ್ ಕೊಟ್ಟು ಒಳಬಂದವರನ್ನು ಬಿಡುವ ನಿಯಮ ಪಟ್ಟಿ ಕೇಳುವ ನಿಯಮಕ್ಕಿಂತ ಮೇಲಿರಬೇಕು. ಅವರಿಗಾಗಿ 587 ಪೋರ್ಟ್ ಬೇರೆಯೇ ಇಟ್ಟು ಅಲ್ಲಿ ಪಟ್ಟಿಯನ್ನೇ ಕೇಳದಿರುವುದು ಇನ್ನೂ ಲೇಸು.

ಎರಡು, ಬೇರೆ ವಿಳಾಸದಿಂದ ಫಾರ್ವರ್ಡ್ ಆಗಿ ಬರುವ ಮೇಲ್. ಬಾಗಿಲು ತಟ್ಟುವುದು ಫಾರ್ವರ್ಡ್ ಮಾಡುವ ಸರ್ವರ್, ಅದು ಒಳ್ಳೆಯದೇ, ಹಾಗಾಗಿ ಪಟ್ಟಿ ಸುಮ್ಮನಿರುತ್ತದೆ. ಸ್ಪ್ಯಾಮ್‌ಅಸ್ಸಾಸಿನ್‌ಗೆ ನಂಬಿಕೆಯ ನೆಟ್‌ವರ್ಕ್‌ಗಳ ಪಟ್ಟಿಯಲ್ಲಿ ಆ ಸರ್ವರ್ ಸೇರಿಸಿದರೆ ಅದರ ಹಿಂದಿನ ಐಪಿಯನ್ನು ನೋಡುತ್ತದೆ.

ಮೂರು, ಡಿಎನ್‌ಎಸ್. ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಇದು. ಸರ್ವರಿನ ಡಿಎನ್‌ಎಸ್ ಆಗಿ 8.8.8.8 ಅಥವಾ 1.1.1.1ರಂಥ ಸಾರ್ವಜನಿಕ ಸೇವೆ ಇಟ್ಟರೆ ಸ್ಪ್ಯಾಮ್‌ಹಾಸ್ ಅಲ್ಲಿಂದ ಬರುವ ಉಚಿತ ಪ್ರಶ್ನೆಗೆ ಪಟ್ಟಿಯ ಉತ್ತರ ಕೊಡುವುದಿಲ್ಲ, 127.255.255.254 ಎಂಬ ದೋಷ ಸಂಕೇತ ಕೊಡುತ್ತದೆ. 'ಯಾವ ಉತ್ತರ ಬಂದರೂ ಪಟ್ಟಿಯಲ್ಲಿದೆ' ಎಂದು ನಂಬುವ ಸಂರಚನೆ ಆಗ ಊರಿನ ಎಲ್ಲ ಮೇಲನ್ನೂ ತಿರಸ್ಕರಿಸುತ್ತದೆ. ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ಡಿಎನ್‌ಎಸ್ ಪ್ರೋಗ್ರಾಂ ಹಾಕಿ, ಅದು ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ಹುಡುಕುವಂತೆ ಬಿಡಿ. ಜತೆಗೆ 127.0.0.2ರಿಂದ 127.0.0.11ರವರೆಗಿನ ಉತ್ತರವನ್ನು ಮಾತ್ರ ಒಪ್ಪು ಎಂದು ಪೋಸ್ಟ್‌ಫಿಕ್ಸ್‌ಗೆ ಸ್ಪಷ್ಟವಾಗಿ ಬರೆಯಿರಿ. ಸ್ಪ್ಯಾಮ್‌ಕಾಪ್‌ನ ಡೊಮೇನ್ ತಪ್ಪಿದ ದಿನ ಹೀಗೆ ಬರೆದಿಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ.

ಪಟ್ಟಿ ಬದುಕಿದೆಯೋ ಸತ್ತಿದೆಯೋ ಹುಚ್ಚು ಹಿಡಿದಿದೆಯೋ ಎಂದು ನೋಡಲು 2010ರ ಆರ್‌ಎಫ್‌ಸಿ 5782 ಎಂಬ ಅಂತರ್ಜಾಲದ ತಾಂತ್ರಿಕ ದಾಖಲೆ ಒಂದು ಸುಲಭ ಪರೀಕ್ಷೆ ಹೇಳಿದೆ. ಐಪಿಗಳ ಯಾವುದೇ ಪಟ್ಟಿಯಲ್ಲಿ 127.0.0.2 ಯಾವಾಗಲೂ ಇರಬೇಕು, 127.0.0.1 ಎಂದೂ ಇರಬಾರದು. ನೀವು ಬಳಸುವ ಪ್ರತಿ ಪಟ್ಟಿಗೂ ಈ ಎರಡು ಪ್ರಶ್ನೆಯನ್ನು ಗಂಟೆಗೊಮ್ಮೆ ಕೇಳುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ. ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಪಟ್ಟಿ ಸತ್ತಿದೆ ಅಥವಾ ನಿಮ್ಮ ಡಿಎನ್‌ಎಸ್ ಕೆಟ್ಟಿದೆ, ಸಂಜೆಯೊಳಗೆ ನೋಡಿದರೆ ಸಾಕು. ಎರಡನೆಯದಕ್ಕೆ ಉತ್ತರ ಬಂದರೆ ಊಟ ಬಿಟ್ಟು ಎದ್ದು, ಆ ಪಟ್ಟಿಯ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ.